ಕಕ್ಕಡ ದಾಟುವಂಥದ್ದನ್ನೇ ಮಾಡು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮಡಿಕೇರಿಯಲ್ಲಿ ಹಿಡಿದಿರುವ ಹೆಂಚಿನ ಬಾಡಿಗೆ ಮನೆಯನ್ನು ಕಮ್ಮಿ ಖರ್ಚಿನಲ್ಲಿ ಹೇಗೆ ಒಪ್ಪಮಾಡಿಕೊಳ್ಳುವುದು ಅಂತ ಕೇಳಿದ್ದೀಯ. ನೀನು ಮೊಬೈಲಿಗೆ ಕಳಿಸಿದ ಚಿತ್ರಗಳು ನೋಡಲು ಚೆಂದ. ಆದರೆ ರಟ್ಟಿನ ಕಪಾಟು, ಸೆಣಬಿನ ಹೆಣಿಗೆ, ಗೋಡೆಗೆ ಅಂಟಿಸುವ ಹೂವಿನ ಕಾಗದ, ಇವೆಲ್ಲ ಬಯಲುಸೀಮೆಗೆ ಸರಿ. ಇಲ್ಲಿ ಜೂನ್ ಕಾಲಿಟ್ಟಿತೆಂದರೆ ರಟ್ಟು ಮೆತ್ತಗಾಗುತ್ತದೆ, ಸೆಣಬಿಗೆ ಬೂಷ್ಟು ಹಿಡಿಯುತ್ತದೆ, ಕಾಗದದ ಹಿಂದೆ ಗೋಡೆ ಕಪ್ಪಾಗುತ್ತದೆ. ಕೊಡಗಿನಲ್ಲಿ ಕೈಯಾರೆ ಏನು ಮಾಡಹೊರಟರೂ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಇದು ಕಕ್ಕಡ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು, ದಾಟೀತೇ? ನೀರು ತಾಗುವ ಕಡೆ, ಭಾರ ಹೊರುವ ಕಡೆ ದುಡ್ಡು ಹಾಕು. ಬಾಕಿ ಕಡೆ ಎಷ್ಟಾದರೂ ಉಳಿಸು.

ಎಲ್ಲಕ್ಕಿಂತ ಮೊದಲು ಬಟ್ಟೆ ಒಣಗಿಸುವ ವ್ಯವಸ್ಥೆ ಮಾಡಿಕೋ. ಅಂಗಡಿಯಲ್ಲಿ ಸಿಗುವ ಮಡಚುವ ಸ್ಟ್ಯಾಂಡು ನೆಲದ ಮೇಲೆ ಜಾಗ ತಿನ್ನುತ್ತದೆ, ನೆಲದ ಹತ್ತಿರದ ಗಾಳಿಯೋ ಮನೆಯಲ್ಲೇ ಅತಿ ತಣ್ಣಗಿನದು. ಸೂರಿನ ಕೆಳಗೆ ಹಗ್ಗ ರಾಟೆಯಲ್ಲಿ ಏರಿಸಿ ಇಳಿಸುವ ಕೋಲುಗಳ ಚೌಕಟ್ಟು ಮಾಡು. ಬಿಸಿ ಗಾಳಿ ಮೇಲೆ ಸೇರುವುದರಿಂದ ಅದೇ ಸರಿಯಾದ ಜಾಗ. ಒಂದು ಘನ ಮೀಟರ್ ಗಾಳಿ 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ನೀರಾವಿ ಹಿಡಿಯುತ್ತದೆ, 30 ಡಿಗ್ರಿಗೆ ಕಾದರೆ ಸುಮಾರು 30 ಗ್ರಾಂ. ಮಳೆಗಾಲದಲ್ಲಿ ಹೊರಗಿನ ಗಾಳಿ ಆಗಲೇ ತುಂಬಿಕೊಂಡಿರುತ್ತದೆ. ಅದನ್ನು ಕಾಯಿಸದೆ ಬರೀ ಫ್ಯಾನ್ ಹಾಕಿದರೆ ಒದ್ದೆ ಗಾಳಿಯನ್ನೇ ಬಟ್ಟೆಗೆ ಬಡಿದಂತಾಯಿತು.

ಹಾಗಾಗಿ ಚೌಕಟ್ಟನ್ನು ಬಚ್ಚಲಿನ ಹಂಡೆ ಒಲೆಯ ಪಕ್ಕದ ಪಡಸಾಲೆಯಲ್ಲಿ ತೂಗುಹಾಕು. ಅಡುಗೆ ಒಲೆಯ ನೇರ ಮೇಲೆ ಬೇಡ. ಬೆಂಕಿಯ ಭಯ ಒಂದು ಕಡೆ, ಹಂದಿ ಕರಿ ಬೇಯಿಸಿದ್ದು ಮರುದಿನ ಇಡೀ ಆಫೀಸಿಗೆ ಗೊತ್ತಾಗುವುದು ಇನ್ನೊಂದು ಕಡೆ.

ಅಳತೆ ಬರೆದುಕೋ. ಎರಡು ಹಲಗೆ, ತಲಾ 24 ಇಂಚು ಉದ್ದ, 3 ಇಂಚು ಅಗಲ, 1 ಇಂಚು ದಪ್ಪ. ಸಿಲ್ವರ್ ಓಕ್ ತುಂಡು ಸಾಕು. ಎರಡೂ ತುದಿಯಲ್ಲಿ 2 ಇಂಚು ಬಿಟ್ಟು, 4 ಇಂಚಿಗೊಂದರಂತೆ ಆರು ತೂತು ಕೊರೆ. 3 ಇಂಚು ಅಗಲ ಯಾಕೆಂದರೆ, 2 ಇಂಚಿನ ಹಲಗೆಗೆ ಒಂದೂಕಾಲು ಇಂಚಿನ ತೂತು ಹೊಡೆದರೆ ಎರಡು ಬದಿಯಲ್ಲೂ ಉಳಿಯುವುದು ಬೆರಳಿಗಿಂತ ತೆಳ್ಳಗೆ. ಮರ ಎಳೆಗುಂಟ ಸೀಳಿಬಿಡುತ್ತದೆ. ತೂತಿಗೆ 5 ಅಡಿಯ ಆರು ಬಿದಿರು ಕೋಲು. ಪ್ರತಿ ಕೋಲೂ ಹಲಗೆಯಿಂದ 3 ಇಂಚು ಹೊರಗೆ ಚಾಚಿರಲಿ, ಅಲ್ಲಿ ಅಡ್ಡಕ್ಕೆ ಒಂದು ಬಿದಿರಿನ ಚಿಲಕ ಹೊಡೆದರೆ ಜಾರುವುದಿಲ್ಲ. ಬಿದಿರು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲವಾದ್ದರಿಂದ ತೂತು 2 ಮಿಲಿಮೀಟರ್ ಸಡಿಲವೇ ಇರಲಿ. ಪಿವಿಸಿ ಪೈಪ್ ಹಾಕೋಣ ಅನ್ನಿಸೀತು. ಮುಕ್ಕಾಲು ಇಂಚಿನ ಪೈಪ್ 5 ಅಡಿಯಲ್ಲಿ ಒದ್ದೆ ಜೀನ್ಸ್ ಹೊತ್ತರೆ ನಡುವೆ ಜೋಲುತ್ತದೆ, ಬಟ್ಟೆಯೆಲ್ಲ ಮಧ್ಯಕ್ಕೆ ಜಾರಿ ಗುಂಪಾಗುತ್ತದೆ. ಕಬ್ಬಿಣದ ಪೈಪ್ ತುಕ್ಕು ಹಿಡಿದು ಬಿಳಿ ಅಂಗಿಗೆ ಕಲೆ ಬಿಡುತ್ತದೆ.

ಹಲಗೆಯ ಎರಡು ತುದಿಗೂ ಹಗ್ಗ ಕಟ್ಟಿ, ನಡುವೆ ಮೇಲಕ್ಕೆ ತಂದು ಒಂದು ಬಳೆಗೆ ಸೇರಿಸು. ಎರಡು ಹಲಗೆಗೆ ಎರಡು ಬಳೆ. ಮೇಲೆ, ಕೊಕ್ಕೆ ಹೊಡೆಯುವ ಗೋಡೆಯ ಕಡೆಗೆ ಎರಡು ಚಕ್ರದ ರಾಟೆ, ದೂರದ ತುದಿಗೆ ಒಂದು ಚಕ್ರದ ರಾಟೆ. ಹತ್ತಿರದ ಬಳೆಯ ಹಗ್ಗ ಜೋಡಿ ರಾಟೆಯ ಒಂದು ಚಕ್ರದ ಮೇಲೆ ಹಾದು ಕೆಳಗಿಳಿಯುತ್ತದೆ. ದೂರದ ಬಳೆಯದು ಒಂಟಿ ರಾಟೆ ಹತ್ತಿ, ಸೂರಿನ ಕೆಳಗೆ ಅಡ್ಡ ಬಂದು, ಜೋಡಿ ರಾಟೆಯ ಇನ್ನೊಂದು ಚಕ್ರದಿಂದ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದು ಎಳೆದರೆ ಚೌಕಟ್ಟು ಓರೆಯಾಗದೆ ಏರುತ್ತದೆ. ಎರಡು ಕೊಂಬಿನ ಕೊಕ್ಕೆಯೊಂದನ್ನು ಗೋಡೆಗೆ ಎದೆಯೆತ್ತರದಲ್ಲಿ ಹೊಡೆದು, ಹಗ್ಗವನ್ನು ಎಂಟರ ಆಕಾರದಲ್ಲಿ ಸುತ್ತಿಬಿಡು. 9 ಅಡಿ ಎತ್ತರದ ಮನೆಯಾದರೆ 6 ಮಿಲಿಮೀಟರಿನ ಹಗ್ಗ 12 ಮೀಟರ್ ಸಾಕು. ಹತ್ತಿ ಹಗ್ಗ ಬೇಡ, ಬೂಷ್ಟು ಹಿಡಿದು ಒಳಗಿನಿಂದಲೇ ಕೊಳೆಯುತ್ತದೆ. ನೈಲಾನ್ ಭಾರಕ್ಕೆ ಹಿಗ್ಗುತ್ತದೆ, ಬೆಳಿಗ್ಗೆ ನೋಡಿದರೆ ಬಟ್ಟೆ ನೆತ್ತಿಗೆ ತಾಗುವಷ್ಟು ಇಳಿದಿರುತ್ತದೆ. ಹೆಣೆದ ಪಾಲಿಯೆಸ್ಟರ್ ಹಗ್ಗ ಕೇಳಿ ತಗೋ.

ರಾಟೆಯ ಕೊಕ್ಕೆಯನ್ನು ತೊಲೆಗೋ ಪಕಾಸಿಗೋ ಹೊಡೆಯಬೇಕು. ರೀಪಿಗೆ ಮಾತ್ರ ಹೊಡೆಯಬೇಡ. ಅದು ಹೆಂಚು ಹೊರುವ ಪಟ್ಟಿ, ತೂಗುವ ಭಾರಕ್ಕೆ ಕಿತ್ತು ಬಂದರೆ ಹೆಂಚೂ ಜೊತೆಗೆ ಬರುತ್ತದೆ. 8 ಮಿಲಿಮೀಟರಿನ ಕೊಕ್ಕೆಗೆ ಮೊದಲು 6 ಮಿಲಿಮೀಟರಿನ ತೂತು ಕೊರೆದುಕೋ; ಹಳೆ ಮನೆಯ ಗಟ್ಟಿ ಮರ ಹಾಗೆಯೇ ತಿರುಗಿಸಿದರೆ ಬಿರಿಯುತ್ತದೆ. ಯಂತ್ರದಲ್ಲಿ ಹಿಂಡಿದ ಮೇಲೂ ಒಂದು ಒಗೆತದ ಬಟ್ಟೆ 9-10 ಕಿಲೋ ತೂಗೀತು. ಪರೀಕ್ಷೆಗೆ ತುಂಬಿದ ನೀರಿನ ಬಕೆಟ್ ಎರಡನ್ನು ಚೌಕಟ್ಟಿಗೆ ನೇತುಹಾಕಿ ಒಂದು ರಾತ್ರಿ ಬಿಡು. ಅದು ತಡೆದರೆ ಬಟ್ಟೆಯನ್ನು ಧೈರ್ಯವಾಗಿ ಹಾಕಬಹುದು. ಮನೆ ಮಾಲೀಕರನ್ನು ಒಂದು ಮಾತು ಕೇಳಿಯೇ ತೂತು ಕೊರೆಯಿರಿ ಅಂತ ಬೇರೆ ಹೇಳಬೇಕಿಲ್ಲ ತಾನೆ?

ಹಿಂದೆ ಕೆಂಡದ ಅಗ್ಗಿಷ್ಟಿಕೆಯ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರಡುತ್ತಿದ್ದರು. ಆಗಿನ ಮನೆಗಳಲ್ಲಿ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ನಿಮ್ಮ ಮಲಗುವ ಕೋಣೆಗೆ ಹೆಂಚಿನ ಕೆಳಗೆ ಸೀಲಿಂಗ್ ಹೊಡೆದಿದ್ದಾರೆ, ಕಿಟಕಿಗೆಲ್ಲ ಗಾಜು. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ, ಮಲಗಿದವರು ಏಳುವುದಿಲ್ಲ. ಆ ಬುಟ್ಟಿ ಸಿಕ್ಕರೆ ದೀಪದ ಮೇಲೆ ಕವುಚಿ ಅಲಂಕಾರ ಮಾಡಿಕೋ, ಕೆಂಡದ ಮೇಲೆ ಬೇಡ.

ಈಗ ಬಿದಿರಿನ ವಿಷಯ. ಕೊಡಗಿನವರಿಗೆ ಬಿದಿರೆಂದರೆ ಸದರ, ಅದಕ್ಕೇ ಎರಡು ವರ್ಷದಲ್ಲಿ ಕುಟ್ಟೆ ಹಿಡಿದು ಹಿಟ್ಟು ಉದುರತೊಡಗುತ್ತದೆ. ಕುಟ್ಟೆ ಹುಳ ಬರುವುದು ಬಿದಿರಿನೊಳಗಿನ ಪಿಷ್ಟಕ್ಕೆ. ಕಣಿಲೆ (ಎಳೆ ಬಿದಿರಿನ ಮೊಳಕೆ) ಏಳುವ ಮಳೆಗಾಲದಲ್ಲಿ ಕಡಿಯಬಾರದು, ಡಿಸೆಂಬರಿನಿಂದ ಫೆಬ್ರವರಿಯೊಳಗೆ ಕಡಿದದ್ದು ಒಳ್ಳೆಯದು. ಒಂದು ವರ್ಷದ ಎಳೆಯದು ಒಣಗಿದಾಗ ಸುಕ್ಕಾಗುತ್ತದೆ. ಹೊದಿಕೆಯ ಸಿಪ್ಪೆ ಪೂರ್ತಿ ಉದುರಿ, ಮೈಮೇಲೆ ಬೂದು ಮಚ್ಚೆ ಬಂದ, ಬಡಿದರೆ ಟಣ್ ಅನ್ನುವ ಮೂರು ನಾಲ್ಕು ವರ್ಷದ್ದನ್ನು ಆರಿಸಬೇಕು. ನಿನಗೆ ಬೇಕಾದ್ದು 3 ಸೆಂಟಿಮೀಟರ್ ದಪ್ಪದ ಆರು ಕೋಲು ಮಾತ್ರ. ಬಿದಿರು ಮೆಳೆ ಇರುವ ತೋಟದವರನ್ನೋ ಸಂತೆಗೆ ಬರುವ ಮೇದರನ್ನೋ ಕೇಳು, ಕಾಡಿಗೆ ಹೋಗಬೇಡ.

ಕೋಲಿಗೆ ಮದ್ದು ಕುಡಿಸಲು ಡ್ರಮ್ ಬೇಡ. 110 ಮಿಲಿಮೀಟರಿನ ಡ್ರೈನೇಜ್ ಪೈಪ್ 6 ಅಡಿ ಉದ್ದಕ್ಕೆ ತಗೊಂಡು, ಒಂದು ತುದಿಗೆ ಮುಚ್ಚಳ ಅಂಟಿಸಿ, ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟು. 3 ಸೆಂಟಿಮೀಟರಿನ ಕೋಲು ಏಳರವರೆಗೂ ಅದರಲ್ಲಿ ಹಿಡಿಸುತ್ತದೆ. 12 ಲೀಟರ್ ನೀರಿಗೆ 360 ಗ್ರಾಂ ಬಿಳಿಗಾರ (ಬೋರಾಕ್ಸ್), 240 ಗ್ರಾಂ ಬೋರಿಕ್ ಆಸಿಡ್ ಪುಡಿ. ಎರಡೂ ತಣ್ಣೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮೊದಲು 3 ಲೀಟರ್ ಬಿಸಿನೀರಿನಲ್ಲಿ ಕದಡಿ ಆಮೇಲೆ ಉಳಿದ ನೀರು ಸೇರಿಸು. ಕೋಲು ಕಡಿದು ಒಂದೆರಡು ದಿನದೊಳಗಿನ ಹಸಿಯದಾಗಿರಬೇಕು. ಮದ್ದು ಒಳಗೆ ಹೋಗುವುದು ಬಿದಿರಿನ ತೇವದ ಮೂಲಕವೇ, ಒಣಗಿದ್ದು ಸರಿಯಾಗಿ ಕುಡಿಯುವುದಿಲ್ಲ. ಉದ್ದನೆಯ ಕಬ್ಬಿಣದ ಸರಳಿನಿಂದ ಒಳಗಿನ ಗಿಣ್ಣುಗಳನ್ನೆಲ್ಲ ಒಡೆದುಬಿಡು. ಇಲ್ಲದಿದ್ದರೆ ಗಿಣ್ಣು ಗಿಣ್ಣಿನ ನಡುವೆ ಗಾಳಿ ನಿಂತು ನಡುಭಾಗಕ್ಕೆ ಮದ್ದು ಮುಟ್ಟುವುದಿಲ್ಲ. ಕೋಲು ತೇಲುತ್ತದೆ, ಮೇಲೊಂದು ಕಲ್ಲು ಕಟ್ಟು. ಹತ್ತು ದಿನ ಹಾಗೇ ಇರಲಿ. ಆಮೇಲೆ ನೆರಳಿನಲ್ಲಿ ಮೂರು ನಾಲ್ಕು ವಾರ ಒಣಗಿಸು. ಬಿಸಿಲಿಗೆ ಒಡ್ಡಿದರೆ ಉದ್ದಕ್ಕೂ ಬಿರಿಯುತ್ತದೆ.

ಈ ಮದ್ದು ನೀರಿನಲ್ಲಿ ಕರಗುವಂಥದ್ದು, ಮಳೆಗೆ ನೆನೆಯುವ ಕಡೆ ನಿಲ್ಲುವುದಿಲ್ಲ. ಒದ್ದೆ ಬಟ್ಟೆ ಹಾಕುವ ಕೋಲಿಗೆ ಗಿಣ್ಣಿನ ಮುಳ್ಳು ಉಜ್ಜಿ, ಮರಳುಕಾಗದ ಹಾಕಿ, ಎರಡು ಕೈ ವಾರ್ನಿಷ್ ಕಡ್ಡಾಯ. ಉಳಿದ ದ್ರಾವಣವನ್ನು ಕ್ಯಾನಿನಲ್ಲಿ ಮುಚ್ಚಿಡು, ಮುಂದಿನ ಬುಟ್ಟಿಗೋ ಸ್ಟ್ಯಾಂಡಿಗೋ ಬರುತ್ತದೆ. ಮೇಲೆ ದಪ್ಪಕ್ಕೆ ಹೆಸರು ಬರೆ, ಮಕ್ಕಳ ಕೈಗೆ ಸಿಗದ ಕಡೆ ಇಡು. ಗಿಡದ ಬುಡಕ್ಕೋ ತೋಡಿಗೋ ಸುರಿಯಬೇಡ. ಬೋರಾನ್ ಗಿಡಕ್ಕೆ ಚಿಟಿಕೆಯಷ್ಟು ಬೇಕು ನಿಜ, ಹೆಚ್ಚಾದರೆ ಎಲೆಯ ಅಂಚು ಸುಡುತ್ತದೆ.

ಗೋಡೆಗೆ ಬಣ್ಣ ಅಂದೆಯಲ್ಲ, ಅದಕ್ಕಿಂತ ಮೊದಲು ಒಂದು ಪರೀಕ್ಷೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಬೂಷ್ಟು ಬಂದ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಎರಡು ದಿನ ಬಿಡು. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆ ಕಟ್ಟಿದರೆ ಅಡುಗೆ, ಸ್ನಾನ, ಉಸಿರಿನ ಹಬೆ ತಣ್ಣಗಿನ ಗೋಡೆಗೆ ಕೂತು ನೀರಾಗುತ್ತಿದೆ; ಅದಕ್ಕೆ ಗಾಳಿ ಕಿಂಡಿ ತೆರೆಯುವುದೇ ಮದ್ದು, ಯಾವ ಬಣ್ಣವೂ ಅಲ್ಲ. ನೀರು ಗೋಡೆಯಿಂದ ಬರುತ್ತಿದ್ದರೆ ಪ್ಲಾಸ್ಟಿಕ್ ಪೇಂಟ್ ಬಳಿಯಲೇಬೇಡ. ಅದು ನೀರನ್ನು ಒಳಗೇ ಹಿಡಿದಿಟ್ಟು ಮೊದಲ ಮಳೆಗಾಲಕ್ಕೇ ಗುಳ್ಳೆ ಎದ್ದು ಸುಲಿಯುತ್ತದೆ.

ಹಳೆ ಗಾರೆಯ ಗೋಡೆಗೆ ಸುಣ್ಣಕ್ಕೆ ಮಿಗಿಲಾದದ್ದು ಇಲ್ಲ. ಅದು ಉಸಿರಾಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಬೇಗ ತಲೆಯೆತ್ತುವುದಿಲ್ಲ. ಸುಟ್ಟ ಸುಣ್ಣದ ಕಲ್ಲು 3 ಕಿಲೋ, ನೀರು 15 ಲೀಟರ್, ಸಣ್ಣ ಕೋಣೆಯೊಂದಕ್ಕೆ ಇಷ್ಟು ಬೇಕು. ನೀರಿಗೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಕೊತಕೊತ ಕುದಿಯುತ್ತದೆ, ಆದ್ದರಿಂದ ಕಬ್ಬಿಣದ ಪಾತ್ರೆಯೇ ಬೇಕು. ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗಿ ಸೊಟ್ಟಗಾಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡ, ಸುಣ್ಣದ ಹನಿ ಕಣ್ಣಿಗೆ ಬಿದ್ದರೆ ನೀರಿನಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ ಓಡಬೇಕು. ಒಂದು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿ, 60 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸು. ನೀಲಿ ಬೇಕಿದ್ದರೆ 9 ಗ್ರಾಂ ಮೀರಬಾರದು. ಗೋಂದಿನ ಬದಲು ಅನ್ನದ ಗಂಜಿ ಬೆರೆಸುವವರಿದ್ದಾರೆ. ಒಣ ಊರಿನಲ್ಲಿ ನಡೆದೀತು, ಮಡಿಕೇರಿಯಲ್ಲಿ ಬೂಷ್ಟಿಗೆ ಊಟ ಬಡಿಸಿದ ಹಾಗೆ.

ಕಲ್ಲಿನ ಕಷ್ಟ ಬೇಡವೆಂದರೆ ಅರಳಿದ ಸುಣ್ಣದ ಪುಡಿ ಚೀಲದಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಬಹಳ ದಿನ ಕೂತ ಪುಡಿ ಗಾಳಿಗೆ ಸತ್ತು ಸೀಮೆಸುಣ್ಣದಂತಾಗಿರುತ್ತದೆ, ಗೋಡೆ ಹಿಡಿಯುವುದಿಲ್ಲ, ಅಂಗಿಗೆಲ್ಲ ಮೆತ್ತುತ್ತದೆ. ಚಿಟಿಕೆ ಪುಡಿಗೆ ನಿಂಬೆರಸ ಹಿಂಡಿ ನೋಡು: ಬುಸಬುಸ ನೊರೆ ಬಂದರೆ ಸತ್ತ ಸುಣ್ಣ, ಹಿಂದಿರುಗಿಸು.

ಹಳೆ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಕೆರೆದು ತೆಗೆಯಬೇಕು. ಗೋಡೆಗೆ ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು, ಹಾಲಿನಷ್ಟು ತೆಳ್ಳಗೆ ಬಳಿ. ಬಳಿಯುವಾಗ ಏನೂ ಕಾಣುವುದಿಲ್ಲ, ಗೋಡೆ ತೋರುತ್ತಲೇ ಇರುತ್ತದೆ, ಒಣಗುತ್ತಾ ಬೆಳ್ಳಗಾಗುತ್ತದೆ. ಇದು ಗೊತ್ತಿಲ್ಲದವರು ಸಾಲದೆಂದು ದಪ್ಪಕ್ಕೆ ಮೆತ್ತುತ್ತಾರೆ, ಆ ದಪ್ಪವೇ ಹಪ್ಪಳದಂತೆ ಎದ್ದು ಉದುರುವುದು. ಮೊದಲ ಕೈ ಮೇಲಿಂದ ಕೆಳಗೆ, ಒಣಗಿದ ಮೇಲೆ ಎರಡನೆಯದು ಅಡ್ಡಡ್ಡ, ಹೀಗೆ ಮೂರು ಕೈ. ಏಪ್ರಿಲ್ ಮುಗಿಯುವುದರೊಳಗೆ ಆಗಲಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಲು ವಾರಗಟ್ಟಲೆ ಬೇಕು, ಅಷ್ಟರೊಳಗೆ ಮಳೆಯ ಇರಚಲು ಹೊಡೆದರೆ ಇಳಿದುಹೋಗುತ್ತದೆ.

ನೈಋತ್ಯದ ಗೋಡೆಗೆ ಹೊರಗಿನಿಂದ ಮಳೆಗಾಲಕ್ಕೆ ತಟ್ಟಿಯೋ ಟಾರ್ಪಾಲೋ ಕಟ್ಟುವುದಾದರೆ ಗೋಡೆಗೂ ಅದಕ್ಕೂ ನಡುವೆ ಗೇಣು ಜಾಗ ಬಿಡಿ. ಅಂಟಿಸಿ ಕಟ್ಟಿದರೆ ಒಳಗೇ ಬೆವರುತ್ತದೆ.

ಹೆಂಚು ಒಡೆದಿದ್ದರೆ ಟಾರು ಮೆತ್ತುವ ಕೆಲಸ ಬೇಡ, ಒಂದು ಬೇಸಗೆಗೇ ಬಿರುಕು ಬಿಡುತ್ತದೆ. ಹೆಂಚು ಬದಲಿಸುವುದೇ ಸೋವಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬೇರೆ ಬೇರೆಯವರು ಅದೇ ನಮೂನೆಯನ್ನು ತಮ್ಮ ತಮ್ಮ ಅಚ್ಚಿನಲ್ಲಿ ತೆಗೆದರು, ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಒಬ್ಬರದು ಇನ್ನೊಬ್ಬರದರ ತೋಡಿಗೆ ಕೂರುವುದಿಲ್ಲ, ಆ ಸಂದಿಯಲ್ಲೇ ನೀರು ಇಳಿಯುವುದು. ಹೆಂಚಿನ ಮೈಮೇಲೆ ಅಚ್ಚೊತ್ತಿದ ಹೆಸರು ನೋಡಿ ಅದೇ ಕಾರ್ಖಾನೆಯದನ್ನು ಹುಡುಕು, ಮನೆ ಕೆಡವಿದವರ ಹತ್ತಿರ ಹಳೆಯದು ಸಿಗುತ್ತದೆ. ಅಡುಗೆಮನೆ ಕತ್ತಲೆಯೆಂದರೆ ಎರಡು ಗಾಜಿನ ಹೆಂಚು ಹಾಕಿಸು, ಹಗಲು ದೀಪದ ಖರ್ಚೇ ಇಲ್ಲ.

ಬಟ್ಟೆಯ ಬೀರುವಿಗೆ ಬಲ್ಬು. ಕುಪ್ಯಚೇಲೆ (ಕೊಡವ ಗಂಡಸರ ನಿಲುವಂಗಿ, ನಡುಪಟ್ಟಿ), ರೇಷ್ಮೆ ಸೀರೆ, ಚರ್ಮದ ಬೂಟು, ಸರ್ಟಿಫಿಕೇಟು ಇರುವ ಮರದ ಬೀರುವಿನ ತಳದಲ್ಲಿ 40 ವಾಟಿನ ಹಳೇ ಕಾಲದ ತಂತಿ ಬಲ್ಬು ಹಗಲಿರುಳು ಉರಿದರೂ ದಿನಕ್ಕೆ ಒಂದು ಯೂನಿಟ್ ಒಳಗೇ. ಎಲ್‌ಇಡಿ ಹಾಕಿ ಪ್ರಯೋಜನವಿಲ್ಲ, ನಮಗೆ ಬೇಕಾದ್ದು ಬೆಳಕಲ್ಲ, ಅದರ ಕಾವು. ಪಿಂಗಾಣಿ ಹೋಲ್ಡರೇ ಇರಲಿ, ಸುತ್ತ ತಂತಿ ಬಲೆಯ ಗೂಡು ಮಾಡಿ, ಬಲ್ಬಿಗೂ ಬಟ್ಟೆಗೂ ಒಂದಡಿ ಅಂತರ ಬಿಡು. ತಳದಲ್ಲಿ ಎರಡು, ಮೇಲೆ ಎರಡು ಬೆರಳು ಗಾತ್ರದ ತೂತು ಇಲ್ಲದಿದ್ದರೆ ತೇವ ಒಳಗೇ ಸುತ್ತುತ್ತದೆ. ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೈಯಿಂದಲೇ ಆಗಲಿ, ಅದರಲ್ಲಿ ಉಳಿತಾಯ ಬೇಡ. ಗುಡುಗು ಮಿಂಚಿದ್ದಾಗ ಪ್ಲಗ್ ಕಿತ್ತುಬಿಡು.

ಇದ್ದಿಲು ತೇವ ಹೀರುತ್ತದೆ ಅನ್ನುತ್ತಾರೆ, ಅದು ಹೀರುವುದು ಹೆಚ್ಚಾಗಿ ವಾಸನೆಯನ್ನು. ಕಲ್ಲುಪ್ಪು ನಿಜಕ್ಕೂ ಕೆಲಸ ಮಾಡುತ್ತದೆ, ಗಾಳಿಯ ತೇವಾಂಶ ಶೇಕಡ 75 ದಾಟಿದಾಗ. ನಮ್ಮ ಮಳೆಗಾಲಕ್ಕೆ ಅಷ್ಟಕ್ಕೇನೂ ಬರವಿಲ್ಲ. ಅಗಲ ಬಾಯಿಯ ಪಿಂಗಾಣಿ ಬಟ್ಟಲಲ್ಲಿಟ್ಟು ನೀರು ನಿಂತಾಗ ಚೆಲ್ಲು. ಕಬ್ಬಿಣದ ಬೀರುವಿನಲ್ಲಿ ಮಾತ್ರ ಇಡಬೇಡ.

ಕಾಫಿ ಬುಡದ ಟೀಪಾಯಿ ಬೇಕೆಂದಿದ್ದೀಯ. ರೊಬಸ್ಟಾ ಬುಡವನ್ನೇ ಆರಿಸು, ಅಗಲವೂ ಇರುತ್ತದೆ, ಗಟ್ಟಿಯೂ ಹೌದು. ಅರೇಬಿಕಾ ಬುಡದಲ್ಲಿ ತೂತು ಕಂಡರೆ ಒಳಗೆ ಬಿಳಿ ಕಾಂಡಕೊರಕ ಇರಬಹುದು. ಏಪ್ರಿಲ್-ಮೇಯಲ್ಲಿ ಆ ಹುಳು ಹಾರುವ ಮೊದಲೇ ಸುಡಬೇಕಾದ ಬುಡವನ್ನು ಚೆಂದವೆಂದು ಮನೆಗೆ ತಂದರೆ ನೆರೆಯ ತೋಟಕ್ಕೆ ಹುಳು ಬಿಟ್ಟಂತೆ. ಹಸಿಯಿದ್ದಾಗಲೇ ತೊಗಟೆ ಕೆರೆದು, ಕೊಯ್ದ ಮುಖಕ್ಕೆ ಮೇಣ ಹಚ್ಚಿ, ಆರು ತಿಂಗಳು ನೆರಳಿನಲ್ಲಿಡಬೇಕು. ಕೊಯ್ದ ಮುಖ ಪಕ್ಕಗಳಿಗಿಂತ ಬೇಗ ಒಣಗುವುದರಿಂದಲೇ ನಕ್ಷತ್ರದ ಹಾಗೆ ಸೀಳುವುದು. ಮೇಲೆ ಹಲಗೆ ಕೂರಿಸಲು ಪಾರ್ಟಿಕಲ್ ಬೋರ್ಡ್ ಬೇಡ, ಬಿಸ್ಕತ್ತಿನಂತೆ ಉಬ್ಬುತ್ತದೆ. ಪ್ಲೈವುಡ್ ಆದರೆ ಐಎಸ್ 710 ಎಂದು ಮುದ್ರೆ ಇರುವುದು, ಅಂಟು ನೀರು ತಡೆಯುವಂಥದ್ದು, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದು. ಬೀಟೆ ಹಲಗೆ ಯಾರಾದರೂ ಅಗ್ಗಕ್ಕೆ ಕೊಡುತ್ತೇವೆಂದರೆ ತಗೊಳ್ಳಬೇಡ, ಕಾಗದಪತ್ರ ಇಲ್ಲದ ಬೀಟೆ ಮನೆಗೆ ತೊಂದರೆ ತರುತ್ತದೆ.

ಕೊನೆಗೆ ಅಗಸೆ ಎಣ್ಣೆ ಒರೆಸು, ಹತ್ತು ನಿಮಿಷ ಬಿಟ್ಟು ಮಿಕ್ಕಿದ್ದನ್ನು ಪೂರ್ತಿ ಒರೆಸಿ ತೆಗೆ. ಆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಕಾವು ಏರಿ ಮುದ್ದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಹರಡಿ ಒಣಗಿಸು, ಇಲ್ಲವೇ ನೀರಿನಲ್ಲಿ ಮುಳುಗಿಸಿಡು.

ಹಳೆ ಸೀರೆಯ ಜಡೆ ಕಾಲೊರಸು ಮಾಡುವುದಾದರೆ ಬಾಗಿಲಿಗಲ್ಲ, ಮಂಚದ ಪಕ್ಕಕ್ಕೆ. ಬಾಗಿಲಿಗೆ ನಾರಿನದೇ ಸರಿ, ದಪ್ಪ ಹತ್ತಿ ಒಮ್ಮೆ ನೆನೆದರೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದವರೆಗೂ ಒಣಗುವುದಿಲ್ಲ. 2 ಇಂಚಿನ ಪಟ್ಟಿ ಹರಿದು ಮೂರೆಳೆ ಜಡೆ ಹಾಕು. 36 ಇಂಚು ಉದ್ದ, 24 ಇಂಚು ಅಗಲದ ಮೊಟ್ಟೆಯಾಕಾರ ಬೇಕೆಂದರೆ ನಡುವಿನ ಮೊದಲ ಜಡೆ 12 ಇಂಚು. ಉದ್ದದಿಂದ ಅಗಲ ಕಳೆದರೆ ಬರುವ ಲೆಕ್ಕ ಅದು. ತಿರುವಿನಲ್ಲಿ ಬಿಗಿಯಾಗಿ ಎಳೆದು ಹೊಲಿದರೆ ಬಟ್ಟಲಿನ ಹಾಗೆ ಏಳುತ್ತದೆ, ಸಡಿಲವಾದರೆ ಅಲೆಅಲೆಯಾಗುತ್ತದೆ. ಪ್ರತಿ ಸುತ್ತನ್ನೂ ನೆಲದ ಮೇಲೆ ಹರಡಿಟ್ಟೇ ಹೊಲಿ, ತೊಡೆಯ ಮೇಲೆ ಬೇಡ.

ನಿಮ್ಮ ಪಡಸಾಲೆಯ ಎತ್ತರ, ತೊಲೆಯಿಂದ ತೊಲೆಗೆ ಅಂತರ ಅಳೆದು ಬರೆದು ಕಳಿಸು, ಹಲಗೆ ಕೊಯ್ಯಿಸಿ ತೂತು ಕೊರೆಸಿ ಇಡುತ್ತೇನೆ. ಶುಕ್ರವಾರದ ಸಂತೆಗೆ ಇಳಿದಾಗ ಒಡೆದ ಹೆಂಚಿನ ತುಂಡೊಂದು ಚೀಲದಲ್ಲಿರಲಿ, ಹೆಸರು ಕಾಣುವ ತುಂಡು.

ನಿನ್ನ ಅಮ್ಮ